ಹನ್ನೊಂದು ನಿಮಿಷದ ಕಂಪ್ಯೂಟರು



2024ರ ಆಷಾಢದ ಒಂದು ಬೆಳಿಗ್ಗೆ. ಅಡಿಕೆಗೆ ಎರಡನೆಯ ಸಲದ ಬೋರ್ಡೋ ಹೊಡೆಸಬೇಕಾದ ಹೊತ್ತು ಮೀರುತ್ತಿತ್ತು, ಮಳೆ ಮಾತ್ರ ಅರ್ಧ ದಿನದ ಬಿಡುವನ್ನೂ ಕೊಡಲೊಲ್ಲದು. ಕೈಕಟ್ಟಿ ಕೂರುವ ಬದಲು ವರ್ಷದ ಲೆಕ್ಕವನ್ನಾದರೂ ಒಪ್ಪ ಮಾಡೋಣವೆಂದು ಕಂಪ್ಯೂಟರಿನ ಗುಂಡಿ ಒತ್ತಿದೆ. ಪರದೆಯ ಮೇಲೆ ಚುಕ್ಕಿಗಳು ಸುತ್ತತೊಡಗಿದವು. ಒಳಗೆ ಹೋಗಿ ಕಾಫಿ ಕುಡಿದು, ಕೊಟ್ಟಿಗೆಯಲ್ಲಿ ಕರುವಿನ ಹಗ್ಗ ಬದಲಿಸಿ ಬಂದೆ. ಚುಕ್ಕಿಗಳು ಇನ್ನೂ ಸುತ್ತುತ್ತಿದ್ದವು. ಮರುದಿನ ಹಟಕ್ಕೆ ಗೋಡೆ ಗಡಿಯಾರ ನೋಡಿಕೊಂಡು ಕುಳಿತೆ. ಗುಂಡಿ ಒತ್ತಿದಲ್ಲಿಂದ ಲೆಕ್ಕದ ಹಾಳೆ ತೆರೆಯುವವರೆಗೆ ಸರಿಯಾಗಿ ಹನ್ನೊಂದು ನಿಮಿಷ.

ಈ ಯಂತ್ರವನ್ನು 2014ರಲ್ಲಿ ಮಗನ ಓದಿಗೆಂದು ತಂದದ್ದು. ಅವನು ಓದು ಮುಗಿಸಿ ಹೊರಟ ಮೇಲೆ ಅದು ತೋಟದ ಪಾಲಿಗೆ ಬಂತು. ರಾಶಿ ಇಡಿ, ಬೆಟ್ಟೆ, ಗೊರಬಲು ಇವುಗಳ ತೂಕ, ಮಂಡಿಗೆ ಹೋದ ದಿನ, ಕಾಫಿಯ ಕೊಯ್ಲಿನ ಕೂಲಿ, ಗೊಬ್ಬರದ ಲೆಕ್ಕ ಎಲ್ಲವೂ ಅದರಲ್ಲಿದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮ ತಂದೆಯವರು 1978ರಿಂದ ಪ್ರತಿದಿನ ಮಳೆ ಅಳೆದು ಬರೆದಿಟ್ಟ ಪುಸ್ತಕಗಳನ್ನು ಎರಡು ಮಳೆಗಾಲ ಕುಳಿತು ನಾನೇ ಅದರೊಳಗೆ ಬೆರಳಚ್ಚು ಮಾಡಿದ್ದೆ. ಆಮೇಲೆ ಆ ಪುಸ್ತಕಗಳಿದ್ದ ಪೆಟ್ಟಿಗೆಗೆ ಗೆದ್ದಲು ಹತ್ತಿ, ತೆಗೆದು ನೋಡುವಾಗ ಮಣ್ಣೇ ಉಳಿದಿತ್ತು. ಅಂದರೆ ನಲವತ್ತಾರು ವರ್ಷದ ಮಳೆ ಈ ಒಂದು ಡಬ್ಬಿಯಲ್ಲಿ ಮಾತ್ರ ಇತ್ತು. ಇನ್ನೊಂದು ಪ್ರತಿ ಮಾಡಿಟ್ಟಿರಲಿಲ್ಲ. ನನ್ನ ದಡ್ಡತನ ಅಷ್ಟಿಷ್ಟಲ್ಲ.

ಪೇಟೆಯ ಅಂಗಡಿಗೆ ಒಯ್ದೆ. ಹುಡುಗ ಒಮ್ಮೆ ಕಣ್ಣಾಡಿಸಿ, "ಸಾರ್, ಇದು ಗುಜರಿಗೆ ಹೋಗೋ ಮಾಲು. ಹೊಸತು ತಗೊಳ್ಳಿ, ನಲವತ್ತೆರಡು ಸಾವಿರದಲ್ಲಿ ಮಾಡಿಕೊಡ್ತೀನಿ" ಎಂದ. ಅಷ್ಟು ಹಣ ಈಗಿಲ್ಲವೆಂದಾಗ, "ಹಾಗಾದ್ರೆ ಐನೂರು ಕೊಡಿ, ಫಾರ್ಮ್ಯಾಟ್ ಹೊಡೆದು ಕೊಡ್ತೀನಿ" ಎಂದ. ಒಳಗಿರುವ ಲೆಕ್ಕಗಳು ಉಳಿಯುತ್ತವೆಯೇ ಎಂದು ಕೇಳಿದೆ. "ಡಿ ಡ್ರೈವಲ್ಲಿ ಇರೋದೆಲ್ಲ ಇರುತ್ತೆ" ಎಂದ. ಮಾತು ಸುಳ್ಳಲ್ಲ, ಆದರೆ ನನ್ನ ಕಡತಗಳಿದ್ದದ್ದು ಪರದೆಯ ಮೇಲೆ, ಡೆಸ್ಕ್‌ಟಾಪಿನಲ್ಲಿ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎಂಬ ಎರಡೂ ಕಪಾಟುಗಳು ಸಾಮಾನ್ಯವಾಗಿ ಸಿ ಡ್ರೈವಿನೊಳಗೇ ಇರುತ್ತವೆ. ಫಾರ್ಮ್ಯಾಟ್ ಮಾಡಿದರೆ ಮೊದಲು ಅಳಿಸಿಹೋಗುವುದು ಅವೇ. ಇದು ನನಗೆ ಆಗ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಜನ ಜಾಸ್ತಿ ಇದ್ದುದರಿಂದ ನಾಳೆ ಬರುತ್ತೇನೆಂದು ವಾಪಸು ತಂದೆನಲ್ಲ, ಅಷ್ಟೇ ನನ್ನ ಪುಣ್ಯ.

ಆ ಭಾನುವಾರ ಅಣ್ಣನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅಲ್ಲಿ ಕಂಪ್ಯೂಟರ್ ಕೆಲಸವೇ ಅವಳದ್ದು. ವಿಷಯ ಕೇಳಿದವಳು ನಕ್ಕು, "ಚಿಕ್ಕಪ್ಪ, ತೋಟದಲ್ಲಿ ನೀರು ನಿಂತರೆ ನೀವು ಎಲ್ಲ ಬಸಿಗಾಲುವೆನೂ ಅಗೆಸ್ತೀರಾ? ಎಲ್ಲಿ ಕಟ್ಟಿದೆ ಅಂತ ಮೊದಲು ನೋಡಲ್ವಾ?" ಎಂದಳು.

ಎಲ್ಲಿ ಕಟ್ಟಿಕೊಂಡಿದೆ?

ಗಣಕಯಂತ್ರದಲ್ಲಿ ವೇಗಕ್ಕೆ ಸಂಬಂಧಿಸಿದ ಅಂಗಗಳು ಮುಖ್ಯವಾಗಿ ಮೂರು. ಲೆಕ್ಕ ಮಾಡುವ ಪ್ರೊಸೆಸರು. ಸದ್ಯ ಕೈಯಲ್ಲಿರುವ ಕೆಲಸವನ್ನು ಹರಡಿಕೊಳ್ಳುವ ಜಾಗ, ಅಂದರೆ ಮೆಮೊರಿ ಅಥವಾ ರ‍್ಯಾಮ್. ಮತ್ತು ಎಲ್ಲವನ್ನೂ ಕಾಯಂ ಆಗಿ ಇಡುವ ಹಾರ್ಡ್ ಡಿಸ್ಕ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರೊಸೆಸರು ಅಡಿಕೆ ಸುಲಿಯುವ ಆಳು, ಮೆಮೊರಿ ಅಂಗಳ, ಡಿಸ್ಕು ಅಟ್ಟ. ಅಂಗಳ ಚಿಕ್ಕದಾದರೆ ಹರಡಿದ್ದನ್ನು ಮತ್ತೆ ಮತ್ತೆ ತುಂಬಿ ಅಟ್ಟಕ್ಕೆ ಹೊರಬೇಕು, ಇಳಿಸಬೇಕು. ಯಂತ್ರವೂ ಹಾಗೆಯೇ ಮಾಡುತ್ತದೆ. ಮೆಮೊರಿ ಸಾಲದಾದಾಗ ಅಲ್ಲಿದ್ದುದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ತರುತ್ತದೆ. ಆಳು ಎಷ್ಟೇ ಚುರುಕಾಗಿದ್ದರೂ ಅಟ್ಟದ ಏಣಿಯ ಬಳಿ ಕಾಯುತ್ತ ನಿಲ್ಲಬೇಕಾಗುತ್ತದೆ.

ಮೂರರಲ್ಲಿ ತಪ್ಪು ಯಾರದ್ದೆಂದು ತಿಳಿಯಲು ಹಣ ಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಸಾಲಾಗಿ ಶೇಕಡಾ ಲೆಕ್ಕ ಕಾಣುತ್ತದೆ. ನಮ್ಮದರಲ್ಲಿ ಸಿಪಿಯು ಶೇ. 12, ಮೆಮೊರಿ ಶೇ. 86, ಡಿಸ್ಕ್ ಶೇ. 100. ಶೇ. 100 ಎಂದರೆ ಭಾರಿ ಕೆಲಸ ನಡೆದಿದೆ ಎಂದುಕೊಂಡೆ. ಪಕ್ಕದಲ್ಲಿ ನೋಡಿದರೆ ಅದು ಸಾಗಿಸುತ್ತಿದ್ದದ್ದು ಸೆಕೆಂಡಿಗೆ ಒಂದೆರಡು ಎಂಬಿ ಅಷ್ಟೇ. ಇಡೀ ದಿನ ಏಣಿ ಹತ್ತಿ ಇಳಿದು ಒಂದು ಹಿಡಿ ಅಡಿಕೆ ತಂದ ಹಾಗೆ.

ಇದಕ್ಕೆ ಕಾರಣ ಹಳೆಯ ಡಿಸ್ಕಿನ ರಚನೆಯಲ್ಲೇ ಇದೆ. ಅದು ಗ್ರಾಮಫೋನಿನ ಹಾಗೆ. ಒಳಗೆ ತಟ್ಟೆ ತಿರುಗುತ್ತದೆ, ಮೇಲೆ ಒಂದು ಕಡ್ಡಿ ಆಡುತ್ತದೆ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಬೇಕಾದ ಜಾಗಕ್ಕೆ ಕಡ್ಡಿ ಸರಿಯಬೇಕು, ತಟ್ಟೆ ಅಲ್ಲಿಗೆ ತಿರುಗಿ ಬರಬೇಕು. ಎರಡೂ ಸೇರಿ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಕೇಳಲು ಅಲ್ಪ. ಆದರೆ ಯಂತ್ರ ಎದ್ದೇಳುವಾಗ ಅಲ್ಲೊಂದು ಇಲ್ಲೊಂದು ಚದುರಿಬಿದ್ದ ಸಾವಿರಾರು ಚೂರುಗಳನ್ನು ಓದಬೇಕು. ಸೆಕೆಂಡಿಗೆ ನೂರರಂತೆ ಹೆಕ್ಕಿದರೆ ಬೆಳಗಾಗುತ್ತದೆ. ಹಲವು ಲ್ಯಾಪ್‌ಟಾಪುಗಳ ಡಿಸ್ಕು 5400 ಸುತ್ತಿನದು, ಇನ್ನೂ ನಿಧಾನ.

ಮೊದಲು ಪ್ರತಿ, ಆಮೇಲೆ ಮಿಕ್ಕದ್ದು

ಡಿಸ್ಕ್ ಶೇ. 100 ಎಂದು ಕಂಡ ಕೂಡಲೇ ಹುಡುಗಿಯ ನಗು ನಿಂತಿತು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ಡಿಸ್ಕಿನ ಆರೋಗ್ಯ ನೋಡಿದಳು. ಹಳದಿ ಬಣ್ಣ. ತಟ್ಟೆಯ ಕೆಲವು ಜಾಗಗಳು ಓದಲಾಗದಷ್ಟು ಕೆಟ್ಟಿದ್ದವು. ಕೆಟ್ಟ ಜಾಗ ಸಿಕ್ಕಾಗ ಡಿಸ್ಕು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ನಾವು ಅದನ್ನು ಬರೀ ನಿಧಾನವೆಂದು ತಿಳಿಯುತ್ತೇವೆ. ನನ್ನ ಯಂತ್ರ ನಿಧಾನವಾಗಿರಲಿಲ್ಲ, ಸಾಯುತ್ತಿತ್ತು. ಅಂಗಡಿಯವ ಅದೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದರೆ ಕೆಲವು ದಿನ ಚುರುಕಾಗಿ ಓಡಿ, ಒಂದು ದಿನ ಶಾಶ್ವತವಾಗಿ ನಿಲ್ಲುತ್ತಿತ್ತು.

ಆದ್ದರಿಂದ ನಿಮ್ಮ ಯಂತ್ರ ನಿಧಾನವಾಗಿದೆ ಎಂದಾದರೆ ಮೊದಲ ಕೆಲಸ ವೇಗದ್ದಲ್ಲ, ಪ್ರತಿಯದ್ದು. ಪೆನ್‌ಡ್ರೈವೋ ಹೊರಗಿನ ಡಿಸ್ಕೋ ತಂದು ಮುಖ್ಯವಾದುದನ್ನು ಮೊದಲು ನಕಲು ಮಾಡಿ. ಸಿನಿಮಾ, ಹಾಡು ಇತ್ಯಾದಿ ಕಡೆಗೆ. ಡಿಸ್ಕು ಕೆಟ್ಟಿರುವ ಅನುಮಾನವಿದ್ದರೆ ಅದಕ್ಕೆ ಡಿಫ್ರಾಗ್, ದೋಷ ತಿದ್ದುವ ಪರೀಕ್ಷೆ ಮುಂತಾದ ಶ್ರಮದ ಕೆಲಸಗಳನ್ನು ಪ್ರತಿ ಆಗುವ ಮುನ್ನ ಕೊಡಕೂಡದು. ಜ್ವರ ಬಂದ ಆಳಿಗೆ ಮೂಟೆ ಹೊರಿಸಿದಂತಾಗುತ್ತದೆ.

ನಮ್ಮಲ್ಲಿ ನಕಲು ರಾತ್ರಿಯಿಡೀ ನಡೆಯಿತು. ಕರೆಂಟು ಹೋದೀತೆಂದು ಯುಪಿಎಸ್ ಪಕ್ಕದಲ್ಲೇ ನಾನು ಜಗಲಿಯಲ್ಲಿ ಮಲಗಿದ್ದೆ. ಮಲಗಿದ್ದೆನೇ ಹೊರತು ನಿದ್ದೆ ಬರಲಿಲ್ಲ. ಬೆಳಿಗ್ಗೆ ಎರಡು ಕಡತ ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ಒಂದು ಹಳೆಯ ಮದುವೆ ಕಾಗದ, ಹೋಗಲಿ. ಇನ್ನೊಂದು 2019ರ ಮಳೆ. ಆ ವರ್ಷದ ಆಗಸ್ಟ್ ತಿಂಗಳನ್ನು ಮಲೆನಾಡಿನಲ್ಲಿ ಯಾರೂ ಮರೆತಿರಲಾರರು. ನಮ್ಮ ಹೊಳೆಬದಿಯ ತೋಟ ಕೊಚ್ಚಿಹೋದದ್ದು ಆಗಲೇ. ಹುಡುಗಿ ಎಷ್ಟು ತಿಣುಕಿದರೂ ಆ ಕಡತ ತೆರೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಮನೆಯವಳು, "ಪರಿಹಾರದ ಅರ್ಜಿಗೆ ಅಂತ ಅದನ್ನ ಯಾರಿಗೋ ಕಳಿಸಿದ್ರಲ್ಲ?" ಎಂದಳು. ಇಮೇಲಿನ ಕಳುಹಿಸಿದ ಪತ್ರಗಳ ಕಪಾಟಿನಲ್ಲಿ ಸೆಪ್ಟೆಂಬರ್ ಮೊದಲ ವಾರದವರೆಗಿನ ಹಾಳೆ ಸಿಕ್ಕಿತು. ಅಲ್ಲಿಂದಾಚೆಯ ನಾಲ್ಕು ತಿಂಗಳು ಇಂದಿಗೂ ಖಾಲಿ.

ಹಣ ಬೇಡದ ಕೆಲಸಗಳು

ಡಿಸ್ಕು ಆರೋಗ್ಯವಾಗಿದ್ದರೆ ಕೆಳಗಿನವನ್ನು ಮಾಡಿದರೇ ಬಹುಪಾಲು ಸದಸ್ಯರಿಗೆ ಸಾಕಾದೀತು. ಹೊಸ ಡಿಸ್ಕು ಬರುವವರೆಗೆ ನಾವೂ ಪರೀಕ್ಷೆಗೆಂದು ಮಾಡಿ ನೋಡಿದೆವು. ಹನ್ನೊಂದು ನಿಮಿಷ ಏಳಕ್ಕಿಳಿಯಿತು.

ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟ್‌ಅಪ್ ಎಂಬ ವಿಭಾಗವಿದೆ. ಯಂತ್ರ ಎದ್ದೊಡನೆ ನಾವು ಕರೆಯದೆಯೇ ಎದ್ದು ಕೂರುವ ತಂತ್ರಾಂಶಗಳ ಪಟ್ಟಿ ಅದು. ನಮ್ಮದರಲ್ಲಿ ಹತ್ತೊಂಬತ್ತು ಇದ್ದವು. ಎಂದೋ ಮಾರಿದ ಪ್ರಿಂಟರಿನದ್ದು, ಮಗನ ಕಾಲದ ಆಟದ್ದು, ಯಾವುದೋ ಹಳೆಯ ಮೊಬೈಲಿನದ್ದು. ಬೇಡದ್ದರ ಮೇಲೆ ಬಲಗುಂಡಿ ಒತ್ತಿ ಡಿಸೇಬಲ್ ಮಾಡಿದರಾಯಿತು. ಇದರಿಂದ ತಂತ್ರಾಂಶ ಅಳಿದುಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ವೈರಸ್ ಕಾವಲಿನದ್ದನ್ನೂ ಕನ್ನಡ ಬೆರಳಚ್ಚಿನದ್ದನ್ನೂ ಮುಟ್ಟಬೇಡಿ.

ಕಾವಲಿನ ಮಾತು ಬಂತು. ಎರಡು ವೈರಸ್ ನಿರೋಧಕಗಳನ್ನು ಹಾಕಿಕೊಂಡವರಿದ್ದಾರೆ, ನಾನೂ ಒಬ್ಬ. ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತ ಎರಡು ಕಾವಲುಗಾರರೂ ಬಾಗಿಲಲ್ಲೇ ನಿಲ್ಲುತ್ತಾರೆ. ವಿಂಡೋಸ್ 10ರಲ್ಲಿ ಡಿಫೆಂಡರ್ ಎಂಬುದು ಜೊತೆಗೇ ಬರುತ್ತದೆ, ಮನೆಬಳಕೆಗೆ ಅದು ಸಾಕು.

ಇನ್ನೊಂದು ವಿಚಿತ್ರ ಸಂಗತಿ. ದಿನವೂ ಶಟ್‌ಡೌನ್ ಮಾಡಿ ಮಲಗುವವರ ಯಂತ್ರ ನಿಜವಾಗಿ ಪೂರ್ತಿ ಆರಿರುವುದಿಲ್ಲ. ವಿಂಡೋಸ್ 8ರಿಂದೀಚೆಗೆ ಬೇಗ ಏಳಲೆಂದು ಅದು ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಒಳಗೆ ಗೋಜಲಾದದ್ದು ಹಾಗೆಯೇ ಉಳಿಯುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರು. ಆದ್ದರಿಂದ ವಾರಕ್ಕೊಮ್ಮೆ ರೀಸ್ಟಾರ್ಟ್.

ಸಿ ಡ್ರೈವು ತುಂಬಿ ತುಳುಕುತ್ತಿದ್ದರೆ ಡಿಸ್ಕ್ ಕ್ಲೀನಪ್ ಓಡಿಸಿ ಖಾಲಿ ಮಾಡಿ. ಬ್ರೌಸರಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟು ಅಡಿಕೆ ಧಾರಣೆ ನೋಡುವ ಅಭ್ಯಾಸವಿದ್ದರೆ, ನಾಲ್ಕು ಜಿಬಿ ಅಂಗಳದಲ್ಲಿ ಅಷ್ಟು ಹರಡಲಾಗದೆಂದು ತಿಳಿಯಿರಿ. ಪುಟ ತೆರೆಯುವುದು ಮಾತ್ರ ನಿಧಾನ, ಲೆಕ್ಕದ ಹಾಳೆ ಬೇಗ ಬರುತ್ತದೆ ಎಂದಾದರೆ ಅದು ಇಂಟರ್‌ನೆಟ್ಟಿನ ದೋಷ. ಕಂಪ್ಯೂಟರನ್ನು ಬಯ್ಯುವುದು ಅನ್ಯಾಯ.

ವೇಗ ಹೆಚ್ಚಿಸುತ್ತೇವೆಂದು ಪರದೆಯ ಮೇಲೆ ಮಿನುಗುವ ಜಾಹೀರಾತಿನ ತಂತ್ರಾಂಶಗಳನ್ನು ಹಾಕಲೇಬೇಡಿ. ರಿಜಿಸ್ಟ್ರಿ ತೊಳೆಯುತ್ತೇನೆ ಎನ್ನುವವು ಸಹ. ಅವೇ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಇಪ್ಪತ್ತನೆಯವರಾಗಿ ಕೂರುತ್ತವೆ. ದೊಡ್ಡ ಕಂಪೆನಿಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ದೂರದಿಂದಲೇ ಸರಿಮಾಡುತ್ತೇವೆ, ಇಂಥ ತಂತ್ರಾಂಶ ಹಾಕಿ ನಂಬರು ಹೇಳಿ ಎಂದು ಫೋನು ಬಂದರೆ ಕೂಡಲೇ ಇಡಿ. ಅವರಿಗೆ ಬೇಕಾದದ್ದು ನಿಮ್ಮ ಬ್ಯಾಂಕಿನ ಖಾತೆ.

ಹಣದ ಕೆಲಸ

ನಮಗೆ ಡಿಸ್ಕು ಬದಲಿಸದೆ ಗತ್ಯಂತರವಿರಲಿಲ್ಲ. ತಟ್ಟೆಯ ಬದಲು ಎಸ್‌ಎಸ್‌ಡಿ ಎಂಬುದನ್ನು ತಂದೆವು. ಅದರಲ್ಲಿ ತಿರುಗುವ, ಅಲುಗಾಡುವ ಭಾಗವೇ ಇಲ್ಲ. ಪೆನ್‌ಡ್ರೈವಿನ ಜಾತಿ, ಆದರೆ ಬಲು ಚುರುಕು. ಹಳೆಯದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗ ಬೇಕಾದಲ್ಲಿ ಇದಕ್ಕೆ ಹತ್ತು ಸಾವಿರದ ಒಂದು ಭಾಗ. ಒಟ್ಟಿಗೆ ಓದುವಾಗಲೂ ಹಳೆಯದು ಸೆಕೆಂಡಿಗೆ ನೂರು-ನೂರೈವತ್ತು ಎಂಬಿ ಕೊಟ್ಟರೆ ಇದು ಐನೂರರ ಆಸುಪಾಸು. ಹತ್ತು ವರ್ಷ ಹಳೆಯ ಯಂತ್ರಗಳಿಗೆ ಸಾಟಾ ಮಾದರಿಯ, ಎರಡೂವರೆ ಅಂಗುಲದ್ದೇ ಕೇಳಬೇಕು. ಹಳೆಯ ಡಿಸ್ಕಿನ ವಯರುಗಳೇ ಹೊಂದುತ್ತವೆ. ಅಂಗಡಿಯಲ್ಲಿ ಉದ್ದನೆಯ ಪಟ್ಟಿಯಂಥದ್ದನ್ನು ಇನ್ನೂ ವೇಗದ್ದೆಂದು ತೋರಿಸಿಯಾರು, ಅದಕ್ಕೆ ಜಾಗ ಹಳೆಯ ಬೋರ್ಡಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎಸ್‌ಎಸ್‌ಡಿಗೆ ಡಿಫ್ರಾಗ್ ಮಾಡಬಾರದು. ಲಾಭವಿಲ್ಲ, ಸವೆತ ಮಾತ್ರ.

ಡಿಸ್ಕು ಚೆನ್ನಾಗಿದ್ದರೆ ಇದ್ದದ್ದನ್ನು ಇದ್ದ ಹಾಗೇ ಹೊಸದಕ್ಕೆ ನಕಲಿಸಬಹುದು. ನಮ್ಮದು ಕೆಟ್ಟದ್ದಾದ್ದರಿಂದ ವಿಂಡೋಸನ್ನು ಹೊಸದಾಗಿಯೇ ಹಾಕಿದಳು. ಎಂಟು ಜಿಬಿ ಪೆನ್‌ಡ್ರೈವು ಸಾಕಾಯಿತು. ಅಸಲಿ ವಿಂಡೋಸ್ 10 ಇದ್ದ ಯಂತ್ರವಾದರೆ ಅದರ ಪರವಾನಗಿ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಇಂಟರ್‌ನೆಟ್ಟಿಗೆ ಜೋಡಿಸಿದಾಗ ತಾನಾಗಿ ಊರ್ಜಿತವಾಗುತ್ತದೆ. ಮತ್ತೆ ಹಣ ಕೊಡಬೇಕಿಲ್ಲ. ಟ್ಯಾಲಿ ಬಳಸುವ ಸದಸ್ಯರು ಮಾತ್ರ ಹಳೆಯದನ್ನು ಅಳಿಸುವ ಮುನ್ನ ಅದರ ಲೈಸೆನ್ಸನ್ನು ಸರೆಂಡರ್ ಮಾಡಿ, ಹೊಸದರಲ್ಲಿ ಪುನಃ ಪಡೆಯಬೇಕು.

ನಾವು ಎಡವಿದ್ದು ಬೇರೆಡೆ. ಎಲ್ಲ ಮುಗಿಸಿ ತಂದೆಯವರ ಮಳೆಯ ಕಡತ ತೆರೆದರೆ ಊರು, ಕೆರೆ, ತಿಂಗಳ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ! ನನ್ನ ಎದೆ ಧಸಕ್ಕೆಂದಿತು. ಕಡತ ಕೆಟ್ಟಿರಲಿಲ್ಲ. ನಾನು ಬೆರಳಚ್ಚು ಮಾಡಿದ್ದು ಹಳೆಯ ನುಡಿ ಅಕ್ಷರಗಳಲ್ಲಿ, ಯೂನಿಕೋಡಿನಲ್ಲಿ ಅಲ್ಲ. ಅಂಥ ಬರಹಕ್ಕೆ ಆ ಫಾಂಟು ಇದ್ದರೆ ಮಾತ್ರ ಕನ್ನಡದ ಮುಖ ಬರುತ್ತದೆ. ನುಡಿ ಪುನಃ ಹಾಕಿದ ಮೇಲೆ ಎಲ್ಲ ಸ್ವಸ್ಥಾನಕ್ಕೆ ಬಂತು. ಹಳೆಯ ನುಡಿ, ಬರಹದ ಕಡತಗಳಿರುವವರು ಫಾಂಟುಗಳನ್ನೂ ಕಡತಗಳ ಜೊತೆಗೇ ಪ್ರತಿ ಮಾಡಿಡುವುದು ಒಳ್ಳೆಯದು. ಬಿಡುವಾದಾಗ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಮುಂದೆ ಈ ತಾಪತ್ರಯವಿಲ್ಲ; ನಾನು 1991ರವರೆಗೆ ಮುಗಿಸಿದ್ದೇನೆ.

ಮೆಮೊರಿ ನಾಲ್ಕು ಜಿಬಿ ಇತ್ತು, ಖಾಲಿ ಜಾಗದಲ್ಲಿ ಇನ್ನೊಂದು ನಾಲ್ಕು ಸೇರಿಸಿದೆವು. ಇದರಲ್ಲೂ ಡಿಡಿಆರ್3, ಡಿಡಿಆರ್4 ಎಂಬ ಜಾತಿಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ಪಟ್ಟಿಯನ್ನು ಕಳಚಿಕೊಂಡೇ ಅಂಗಡಿಗೆ ಹೋಗಿ. ವಿಂಡೋಸು 32 ಬಿಟ್ಟಿನದ್ದಾದರೆ ನಾಲ್ಕು ಜಿಬಿಗಿಂತ ಹೆಚ್ಚು ಹಾಕಿಯೂ ಉಪಯೋಗವಿಲ್ಲ, ಮೊದಲು 64 ಬಿಟ್ಟಿನದ್ದು ಹಾಕಿಸಬೇಕು.

ಡಬ್ಬಿ ಬಿಚ್ಚಿದಾಗ ಕಂಡದ್ದನ್ನು ಹೇಳಲು ನಾಚಿಕೆ. ಪ್ರೊಸೆಸರಿನ ಮೇಲಿನ ಫ್ಯಾನಿನ ಕೆಳಗೆ ಕಂಬಳಿಯಷ್ಟು ದಪ್ಪ ಧೂಳು, ಅಡಿಕೆ ಬೇಯಿಸುವ ಒಲೆಯ ಮಸಿ, ಒಂದು ಹಲ್ಲಿಯ ಅಸ್ಥಿ. ಬಿಸಿ ಹೊರಹೋಗದಿದ್ದರೆ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗ ಇಳಿಸುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಮೆತ್ತನೆಯ ಕುಂಚ ಮತ್ತು ಬ್ಲೋವರಿನಿಂದ ತೆಗೆಯಬೇಕು. ಒಣಗಿ ಸುಣ್ಣದಂತಾಗಿದ್ದ ಪೇಸ್ಟನ್ನು ಒರೆಸಿ ಹೊಸದು ಹಚ್ಚಿದಳು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಳಸುವವರ ಕಥೆಯೂ ಇದೇ.

ಖರ್ಚಿನ ಲೆಕ್ಕ: 480 ಜಿಬಿ ಎಸ್‌ಎಸ್‌ಡಿ 2,900 ರೂ., ಬಳಸಿದ ಮೆಮೊರಿ ಪಟ್ಟಿ 700, ಪೇಸ್ಟ್ 150, ಒಂದು ಗುಂಡು ಸೆಲ್ 30, ಒಟ್ಟು 3,780. ಇದು 2024ರ ಮಾತು. 2025ರ ಕೊನೆಯ ಹೊತ್ತಿಗೆ ಜಗತ್ತಿನಾದ್ಯಂತ ಮೆಮೊರಿ ಬೆಲೆ ಏರಿತು, ಆದ್ದರಿಂದ ವಿಚಾರಿಸಿಯೇ ಹೊರಡಿ. ಗುಂಡಿ ಒತ್ತಿದಲ್ಲಿಂದ ಲೆಕ್ಕದ ಹಾಳೆಯವರೆಗೆ ಈಗ ನಲವತ್ತು ಸೆಕೆಂಡು. ಕರುವಿನ ಹಗ್ಗ ಬದಲಿಸಲು ಪುರುಸೊತ್ತಿಲ್ಲ.

ಎಲ್ಲ ಹಳೆಯ ಯಂತ್ರಕ್ಕೂ ಹೀಗೆ ಹಣ ಹಾಕಿ ಎಂದು ನಾನು ಹೇಳಲಾರೆ. ಎರಡು ಜಿಬಿಗಿಂತ ಹೆಚ್ಚು ಮೆಮೊರಿ ಹಿಡಿಯದ, ಹದಿನೈದು ವರ್ಷ ದಾಟಿದ ಯಂತ್ರಕ್ಕೆ ಮೂರು ಸಾವಿರವೂ ದಂಡವೇ. ಇನ್ನೊಂದು ತೊಡಕೂ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಣೆ ಕೊಡುವ ಏರ್ಪಾಡನ್ನು ಮೈಕ್ರೋಸಾಫ್ಟ್ ಮಾಡಿತು. ವಿಂಡೋಸ್ 11 ನಮ್ಮ 2014ರ ಯಂತ್ರಕ್ಕೆ ಒಪ್ಪುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ, ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಈಚಿನ ಪ್ರೊಸೆಸರೂ ಬೇಕು. ಇಂಥ ಯಂತ್ರಗಳಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹೊಂದುತ್ತದೆ, ಪರಿಷ್ಕರಣೆಯೂ ಬರುತ್ತಿರುತ್ತದೆ. ಲೆಕ್ಕದ ಹಾಳೆ, ಪತ್ರ, ಇಂಟರ್‌ನೆಟ್ಟಿಗೆ ತೊಂದರೆಯಿಲ್ಲ, ಟ್ಯಾಲಿ ಮಾತ್ರ ಅದರಲ್ಲಿ ನೇರವಾಗಿ ಓಡುವುದಿಲ್ಲ. ನಾನು ಎರಡನ್ನೂ ಹಾಕಿಸಿಕೊಂಡಿದ್ದೇನೆ. ಬ್ಯಾಂಕಿನ ವ್ಯವಹಾರ ಲಿನಕ್ಸಿನಲ್ಲಿ ಮಾತ್ರ.

ಗುಂಡು ಸೆಲ್ಲಿನ ವಿಷಯ ಬಾಕಿ ಉಳಿಯಿತು. ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಯಂತ್ರ ತಾರೀಖು ಮರೆತು ಹಳೆಯ ಇಸವಿಗೆ ಹೋಗುತ್ತಿತ್ತು, ಆಮೇಲೆ ಬ್ಯಾಂಕಿನ ಪುಟ, ಪಹಣಿಯ ಪುಟ ಯಾವುದೂ ತೆರೆಯುತ್ತಿರಲಿಲ್ಲ. ತಾರೀಖು ತಪ್ಪಿದರೆ ಆ ಪುಟಗಳ ಭದ್ರತಾ ಪತ್ರ ಚಾಲ್ತಿಯಲ್ಲಿಲ್ಲವೆಂದು ಬ್ರೌಸರು ತಡೆಯುತ್ತದೆ. ಇದಕ್ಕೆ ನಾನು ಎರಡು ವರ್ಷ ಇಂಟರ್‌ನೆಟ್ಟಿನವರನ್ನು ಬೈದುಕೊಂಡಿದ್ದೆ. ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ ಸೆಲ್ ಒಂದಿದೆ, ಸಿಆರ್ 2032 ಎಂದು ಅದರ ಮೇಲೇ ಬರೆದಿರುತ್ತದೆ. ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಮಳೆಯ ಹಾಳೆಯ ಪ್ರತಿ ಈಗ ಮಗನಲ್ಲೊಂದು, ಅಣ್ಣನ ಮಗಳಲ್ಲೊಂದು, ಅಕ್ಕಿಯ ಡಬ್ಬಿಯಲ್ಲಿಟ್ಟ ಪೆನ್‌ಡ್ರೈವಿನಲ್ಲೊಂದು. 2019ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಮ್ಮ ಸೀಮೆಯಲ್ಲಿ ಮಳೆ ಅಳೆದು ಬರೆದಿಟ್ಟ ಸದಸ್ಯರು ಯಾರಾದರೂ ಇದ್ದರೆ ದಯವಿಟ್ಟು ಸಂಘದ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇನೆ.